ವಯ್ಯಾಳಿಯಿಂದ ಈವೆಂಟಿಂಗ್‌ವರೆಗೆ

ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್ ದೂರದ ಕುರುಗೋಡು ಎಂದೊಡನೆ ನೆನಪಾಗುವುದು ದೊಡ್ಡಬಸವೇಶ್ವರ ದೇವಾಲಯದ ಬೃಹತ್ ನಂದಿ. ಈ ಸೀಮೆಯ ರೈತನ ಬದುಕು ಎತ್ತಿನ ಹೆಗಲ ಮೇಲೆ ನಿಂತಿತ್ತು. ಆದ್ದರಿಂದ ಬಸವನಿಗೆ ಇಲ್ಲಿ ದೊಡ್ಡ ಗುಡಿ ಎದ್ದದ್ದು ಸಹಜವೇ. ಆದರೆ ಇದೇ ಸೀಮೆಯನ್ನು ಆಳಿದವರ ಬದುಕು ನಿಂತಿದ್ದು ಕುದುರೆಯ ಬೆನ್ನ ಮೇಲೆ. ರಾವುತನಿಲ್ಲದೆ ರಾಜ್ಯವಿಲ್ಲ ಎಂಬ ಸ್ಥಿತಿ ಹಲವು ಶತಮಾನಗಳ ಕಾಲ ಇತ್ತು. ಆ ಕಾಲದಲ್ಲಿ ಕುದುರೆಯನ್ನು ಹೇಗೆ ಪರೀಕ್ಷಿಸುತ್ತಿದ್ದರು, ಇಂದು ಹೇಗೆ ಪರೀಕ್ಷಿಸುತ್ತಾರೆ ಎಂದು ನೋಡಿದರೆ ಕ್ರೀಡೆಯೊಂದರ ಬೇರು ಯುದ್ಧಭೂಮಿಯಲ್ಲಿರುವುದು ತಿಳಿಯುತ್ತದೆ.

ಆ ಕ್ರೀಡೆಯ ಹೆಸರು ಈವೆಂಟಿಂಗ್. ರೇಸ್‌ಕೋರ್ಸಿನ ಓಟಕ್ಕೂ ಇದಕ್ಕೂ ಸಂಬಂಧವಿಲ್ಲ. ರೇಸಿನಲ್ಲಿ ಬೇಕಾದದ್ದು ವೇಗ ಒಂದೇ. ಈವೆಂಟಿಂಗ್‌ನಲ್ಲಿ ಒಂದೇ ಕುದುರೆ, ಒಬ್ಬನೇ ಸವಾರ ಮೂರು ಬೇರೆ ಬೇರೆ ಪರೀಕ್ಷೆಗಳನ್ನು ಎದುರಿಸಬೇಕು. ಮೊದಲನೆಯದು ಡ್ರೆಸಾಜ್. ಅಳತೆ ಮಾಡಿದ ಅಂಗಳದಲ್ಲಿ ಕುದುರೆ ಸವಾರನ ಸೂಕ್ಷ್ಮ ಸನ್ನೆಗಳಿಗೆ ಓಗೊಟ್ಟು ನಡೆಯಬೇಕು, ತಿರುಗಬೇಕು, ನಿಲ್ಲಬೇಕು. ಎರಡನೆಯದು ಕ್ರಾಸ್‌ಕಂಟ್ರಿ. ಬಯಲು, ದಿಣ್ಣೆ, ಹಳ್ಳ, ನೀರು ದಾಟಿ, ಅಲುಗದ ಮರದ ದಿಮ್ಮಿಗಳ ಮೇಲೆ ಹಾರಿ, ಗೊತ್ತುಪಡಿಸಿದ ಸಮಯದೊಳಗೆ ಓಡಿ ಮುಗಿಸಬೇಕು. ಮೂರನೆಯದು ಜಿಗಿತ. ಮುಟ್ಟಿದರೆ ಬೀಳುವ ಬಣ್ಣದ ಗಳುಗಳನ್ನು ಬೀಳಿಸದಂತೆ ಹಾರಬೇಕು.

ದೊಡ್ಡ ಕೂಟಗಳಲ್ಲಿ ಇದು ಮೂರು ನಾಲ್ಕು ದಿನ ನಡೆಯುತ್ತದೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಸ್ಪರ್ಧೆಗೆ ಒಂದು ದಿನದ ಈವೆಂಟಿಂಗ್ ಎಂದು ಹೆಸರು. ಹೊಸ ಸವಾರರು, ಎಳೆಯ ಕುದುರೆಗಳು ಪಳಗುವುದು ಇಲ್ಲಿಯೇ. ಬೆಳಿಗ್ಗೆ ಗಂಭೀರವಾಗಿ ಹೆಜ್ಜೆ ಹಾಕಿದ ಕುದುರೆ ಅದೇ ದಿನ ಬಯಲಿನಲ್ಲಿ ಪೂರ್ಣ ವೇಗದಲ್ಲಿ ಓಡಬೇಕು. ಒಂದು ದಿನದ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಜಿಗಿತ ಮೊದಲು, ಕ್ರಾಸ್‌ಕಂಟ್ರಿ ಕೊನೆಗೆ. ದೊಡ್ಡ ಕೂಟಗಳಲ್ಲಿ ಜಿಗಿತವನ್ನು ಕೊನೆಗೆ ಇಡುವುದೇ ಹೆಚ್ಚು. ಇದಕ್ಕೆ ಕಾರಣವಿದೆ. ಹಿಂದಿನ ದಿನ ಮೈಲಿಗಟ್ಟಲೆ ಓಡಿದ ಕುದುರೆ ಮರುದಿನವೂ ಕೆಲಸಕ್ಕೆ ಬರುವಂತಿದೆಯೇ ಎಂಬುದನ್ನು ನೋಡುವುದು ಸೈನ್ಯದವರ ಉದ್ದೇಶವಾಗಿತ್ತು.

ಇಲ್ಲಿನ ಲೆಕ್ಕವೂ ವಿಚಿತ್ರ. ಅಂಕ ಗಳಿಸುವವನಲ್ಲ, ಕಡಿಮೆ ದಂಡ ತೆರುವವನು ಗೆಲ್ಲುತ್ತಾನೆ. ಡ್ರೆಸಾಜ್‌ನಲ್ಲಿ ಶೇಕಡ 72 ಅಂಕ ಬಂದರೆ ಉಳಿದ 28 ದಂಡವಾಗುತ್ತದೆ. ಜಿಗಿತದಲ್ಲಿ ಒಂದು ಗಳು ಬಿದ್ದರೆ 4. ಕ್ರಾಸ್‌ಕಂಟ್ರಿಯಲ್ಲಿ ಕುದುರೆ ಒಮ್ಮೆ ಹಾರಲು ಒಪ್ಪದಿದ್ದರೆ 20. ತಡವಾದ ಪ್ರತಿ ಸೆಕೆಂಡಿಗೆ 0.4. ಸವಾರ ಬಿದ್ದರೆ ಅಲ್ಲಿಗೇ ಮುಗಿಯಿತು.

ಈ ಮೂರು ಪರೀಕ್ಷೆಗಳನ್ನು ಒಟ್ಟುಗೂಡಿಸಿದ್ದು ಯೂರೋಪಿನ ಅಶ್ವದಳಗಳು. ಕವಾಯತಿನಲ್ಲಿ ವಿಧೇಯತೆ, ಸುದ್ದಿ ಒಯ್ಯುವಾಗ ಧೈರ್ಯ ಮತ್ತು ತ್ರಾಣ, ದಣಿವಿನ ಮರುದಿನ ಚುರುಕು - ಈ ಮೂರೂ ಇದ್ದದ್ದೇ ಯುದ್ಧದ ಕುದುರೆ. 1902ರಲ್ಲಿ ಪ್ಯಾರಿಸ್‌ನಲ್ಲಿ ಇಂಥದೊಂದು ಸೈನಿಕ ಸ್ಪರ್ಧೆ ನಡೆಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆರಂಭದ ದಶಕಗಳಲ್ಲಿ ಒಲಿಂಪಿಕ್ಸ್‌ನ ಕುದುರೆ ಸವಾರಿ ಬಹುಮಟ್ಟಿಗೆ ಸೇನಾಧಿಕಾರಿಗಳ ಸ್ವತ್ತಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಚಿನ್ನ ಗೆದ್ದ ಸ್ವೀಡನ್ ತಂಡದ ಪದಕವನ್ನು ಆಮೇಲೆ ಕಿತ್ತುಕೊಳ್ಳಲಾಯಿತು. ತಂಡದ ಗೇನಾಲ್ ಪರ್ಸನ್ ನಿಜವಾಗಿ ಅಧಿಕಾರಿಯಲ್ಲ, ಸಾರ್ಜೆಂಟ್ ಎಂಬುದೇ ತಪ್ಪಾಯಿತು. 1952ರಲ್ಲಿ ನಿಯಮ ಬದಲಾಯಿತು. ಅದೇ ಪರ್ಸನ್ ಮತ್ತೆ ತಂಡದ ಚಿನ್ನ ಗೆದ್ದರು. ಈವೆಂಟಿಂಗ್‌ನಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಒಲಿಂಪಿಕ್ಸ್‌ಗೆ ಇಳಿದದ್ದು 1964ರಲ್ಲಿ. ಅವರು ಅಮೆರಿಕದ ಲಾನಾ ಡ್ಯುಪಾಂಟ್.

ಕುದುರೆಯನ್ನು ಯುದ್ಧಕ್ಕೆ ಅಣಿಗೊಳಿಸುವ ಪರೀಕ್ಷೆಯನ್ನು ಆಟವಾಗಿಸುವ ಕಲ್ಪನೆ ಮಾತ್ರ ಯೂರೋಪಿಗೆ ಸೀಮಿತವಲ್ಲ. 12ನೇ ಶತಮಾನದಲ್ಲಿ ಕುರುಗೋಡು ಸಿಂದ ಮನೆತನದ ರಾಜಧಾನಿಯಾಗಿತ್ತು. ಬಲ್ಲಕುಂದೆ ನಾಡನ್ನು ಆಳುತ್ತಿದ್ದ ಈ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಡುಗೆಯಿಂದ ಆನೆ ಹಿಡಿಯುವವರೆಗೆ ಅರಸನ ಬದುಕಿನ ಎಲ್ಲವನ್ನೂ ವಿವರಿಸುವ ನೂರು ಅಧ್ಯಾಯಗಳ ಗ್ರಂಥ. ಅದರಲ್ಲಿ ಕುದುರೆಗಳ ವಾಹ್ಯಾಳಿ ವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಯಾವ ಜಾತಿಯ ಕುದುರೆ, ಯಾವ ಲಕ್ಷಣ, ಯಾವ ನಡೆ, ಹೇಗೆ ಪಳಗಿಸಬೇಕು ಎಂಬುದೆಲ್ಲ ಅಲ್ಲಿದೆ. ಎರಡು ಪಕ್ಷಗಳ ಸವಾರರು ಕೋಲಿನಿಂದ ಚೆಂಡನ್ನು ಹೊಡೆದು ತೋರಣದಾಚೆ ಸಾಗಿಸುವ ಆಟದ ವರ್ಣನೆಯೂ ಇದೆ. ಇಂದಿನ ಪೋಲೊ ಆಟದ ಹತ್ತಿರದ ನಂಟು ಇದಕ್ಕೆ.

ಈ ವಾಹ್ಯಾಳಿಯೇ ಕನ್ನಡದಲ್ಲಿ ವಯ್ಯಾಳಿ, ವೈಹಾಳಿ ಎಂದಾಯಿತು. ಕುದುರೆ ಓಡಿಸುವ ಬಯಲಿಗೂ ಆ ಸವಾರಿಗೂ ಇದೇ ಹೆಸರು. ದೇವರನ್ನು ಕುದುರೆ ವಾಹನದ ಮೇಲೆ ಕೂರಿಸಿ, ಹೊತ್ತವರು ಹಿಂದಕ್ಕೂ ಮುಂದಕ್ಕೂ ಓಡಾಡಿಸುವ ವಯ್ಯಾಳಿ ಉತ್ಸವ ಶ್ರೀವೈಷ್ಣವ ದೇವಾಲಯಗಳಲ್ಲಿ ಇಂದಿಗೂ ನಡೆಯುತ್ತದೆ. ಅರಮನೆಯ ಆಟ ಮರೆಯಾದರೂ ಗುಡಿಯ ಅಂಗಳದಲ್ಲಿ ಆ ಮಾತು ಉಳಿದುಕೊಂಡಿದೆ.

ಸಿಂದರ ನಂತರದ ಕಾಲದಲ್ಲಿ ಈ ಸೀಮೆಗೆ ಕುದುರೆ ಆಟದ ವಸ್ತುವಾಗಿರದೆ ಅಳಿವು ಉಳಿವಿನ ಪ್ರಶ್ನೆಯಾಯಿತು. ವಿಜಯನಗರದ ಎದುರಾಳಿಗಳಾದ ಬಹಮನಿ ಸುಲ್ತಾನರ ಬಲವಿದ್ದುದು ಅಶ್ವದಳದಲ್ಲಿ. ಇಮ್ಮಡಿ ದೇವರಾಯ ತನ್ನ ಸೋಲುಗಳಿಗೆ ಕಾರಣವೇನೆಂದು ಸಭೆ ಕರೆದು ಕೇಳಿದಾಗ, ಎದುರಾಳಿಗಳ ಕುದುರೆಗಳು ಬಲವಾದವು, ಅವರ ಬಿಲ್ಲುಗಾರರು ನಿಪುಣರು ಎಂಬ ಉತ್ತರ ಬಂತೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆ ಬಳಿಕ ರಾಯ ಮುಸ್ಲಿಂ ಸವಾರರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡ, ಅವರಿಗೆ ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿಕೊಟ್ಟ.

ಸವಾರರು ಸಿಕ್ಕರೂ ಕುದುರೆ ಬೇಕಲ್ಲ. ದಕ್ಷಿಣದ ಹವೆ, ಮೇವು ಒಳ್ಳೆಯ ಯುದ್ಧಾಶ್ವಗಳ ಸಾಕಣೆಗೆ ಒಗ್ಗಲಿಲ್ಲ. 13ನೇ ಶತಮಾನದ ಕೊನೆಯಲ್ಲಿ ತಮಿಳುನಾಡಿನ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿಯವರು ಕುದುರೆಗೆ ಬೇಯಿಸಿದ ಅನ್ನವನ್ನು ಮಾಂಸದೊಡನೆ ತಿನ್ನಿಸುತ್ತಿದ್ದರು, ನೋಡಿಕೊಳ್ಳಲು ಬಲ್ಲವರಿರಲಿಲ್ಲ, ಆದ್ದರಿಂದ ತಂದ ಕುದುರೆಗಳು ಬೇಗ ಸಾಯುತ್ತಿದ್ದವು ಎಂದಿದ್ದಾನೆ. ಹೀಗಾಗಿ ಅರಬ್ಬಿ ಮತ್ತು ಪಾರಸಿ ಕುದುರೆಗಳು ಹಡಗಿನಲ್ಲಿ ಬರಬೇಕಾಯಿತು. ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ತುಂಗಭದ್ರೆಯ ದಡಕ್ಕೆ ಬರುತ್ತಿದ್ದವು.

ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತದಂತೆ, ರಾಯರು ಪ್ರತಿ ವರ್ಷ ಹೊರ್ಮುಜ್‌ನ ಮತ್ತು ನಾಡಿನ ಕುದುರೆಗಳನ್ನು 13,000ದಷ್ಟು ಕೊಳ್ಳುತ್ತಿದ್ದರು. ಉತ್ತಮವಾದವನ್ನು ತಮ್ಮ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ನಾಯಕರಿಗೆ ಹಂಚಿ ಹಣ ವಸೂಲು ಮಾಡುತ್ತಿದ್ದರು. ಅದಕ್ಕೂ ಹಿಂದೆ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಇದು ದೊರೆಯ ಔದಾರ್ಯವೆಂದು ತೋರಬಹುದು. ವಾಸ್ತವವಾಗಿ ಇದೊಂದು ಬಗೆಯ ವಿಮೆ. ನಷ್ಟದ ಭಯದಿಂದ ವ್ಯಾಪಾರಿ ಬರುವುದನ್ನು ನಿಲ್ಲಿಸಿದರೆ ರಾಜ್ಯವೇ ನಿಲ್ಲುತ್ತಿತ್ತು.

ಈ ದೌರ್ಬಲ್ಯ ಪೋರ್ಚುಗೀಸರಿಗೂ ತಿಳಿದಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅವರು ಕುದುರೆ ವ್ಯಾಪಾರವನ್ನು ಅಲ್ಲಿಗೆ ತಿರುಗಿಸಿದರು. 1547ರಲ್ಲಿ ವಿಜಯನಗರದೊಡನೆ ಆದ ಒಪ್ಪಂದದಲ್ಲಿ ಗೋವೆಗೆ ಬರುವ ಕುದುರೆಗಳು ಬಿಜಾಪುರಕ್ಕೆ ಸಿಗದೆ ವಿಜಯನಗರಕ್ಕೆ ಸಿಗಬೇಕೆಂಬುದು ಮುಖ್ಯ ಅಂಶವಾಗಿತ್ತು. ಯುದ್ಧದ ಮುಖ್ಯ ಸಾಧನವೊಂದು ಪರರ ಬಂದರಿನಿಂದ ಬರಬೇಕಾದಾಗ ದೊಡ್ಡ ಸಾಮ್ರಾಜ್ಯವೂ ಎಷ್ಟು ಎಚ್ಚರದಿಂದ ನಡೆಯಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಂಪಿಯ ಕಲ್ಲುಗಳಲ್ಲಿ ಈ ಕಥೆ ಉಳಿದಿದೆ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಪರದೇಶದ ವೇಷದವರು ಕುದುರೆ ಹಿಡಿದು ನಿಂತಿದ್ದಾರೆ. ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಕುದುರೆಗಳ ಸಾಲೇ ಹೊರಟಿದೆ. ವಿಠ್ಠಲ ದೇವಾಲಯದ ಬೀದಿಯಲ್ಲಿ ಕುದುರೆಗೊಂಬೆ ಮಂಟಪವಿದೆ. ಕೃಷ್ಣದೇವರಾಯ ಬೆಳಗಿನ ಜಾವಕ್ಕೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿ, ಭಾರ ಎತ್ತಿ, ಕತ್ತಿ ತಿರುವಿ, ಕುಸ್ತಿಯಾಡಿ, ಬಳಿಕ ಕುದುರೆ ಹತ್ತಿ ಬೆಳಕು ಹರಿಯುವವರೆಗೆ ಬಯಲಿನಲ್ಲಿ ಅತ್ತಿತ್ತ ಓಡಿಸುತ್ತಿದ್ದನೆಂದು ಡೊಮಿಂಗೊ ಪಾಯಸ್ ದಾಖಲಿಸಿದ್ದಾನೆ. ದೊರೆಯ ದಿನಚರಿಯಲ್ಲೇ ವಯ್ಯಾಳಿಗೆ ಜಾಗವಿತ್ತು.

ಸಾಮ್ರಾಜ್ಯಗಳು ಹೋದರೂ ಅಶ್ವದಳದ ಪರಂಪರೆ ಕನ್ನಡ ನಾಡಿನಲ್ಲಿ ಪೂರ್ತಿ ಅಳಿಯಲಿಲ್ಲ. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಮೊದಲ ಮಹಾಯುದ್ಧದಲ್ಲಿ ಪಶ್ಚಿಮ ಏಷ್ಯಾಕ್ಕೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರ ಲ್ಯಾನ್ಸರ್ಸ್ ಏರಿ ಹೋದಾಗ, ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರಿನ ಮೇಲಿದ್ದ ತೋಪುಗಳನ್ನು ಹಿಡಿಯುವ ಹೊಣೆ ಮೈಸೂರಿನವರದಾಗಿತ್ತು. ಮಷಿನ್‌ಗನ್‌ಗಳ ಎದುರು ಈಟಿ ಹಿಡಿದ ಸವಾರರು ಗೆದ್ದ ಕೊನೆಯ ದೊಡ್ಡ ಕದನಗಳಲ್ಲಿ ಇದೂ ಒಂದು. ಬಂಡೆ, ಇಳಿಜಾರು, ಗುಂಡಿನ ಸದ್ದು ಯಾವುದಕ್ಕೂ ಬೆದರದೆ ಸವಾರನ ಮಾತು ಕೇಳಿದ ಆ ಕುದುರೆಗಳಿಗೆ ಕ್ರಾಸ್‌ಕಂಟ್ರಿ ಆಟವಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳನ್ನು ಒಂದುಗೂಡಿಸಿ 1953ರಲ್ಲಿ ರಚಿಸಿದ ದಳವೇ ಮುಂದೆ 61ನೇ ಕ್ಯಾವಲ್ರಿ ಎನಿಸಿತು. ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಸೇರಿತು. ದೇಶದ ಕುದುರೆ ಸವಾರಿ ಬಹುಕಾಲ ಸೇನೆಯ ಆಸರೆಯಲ್ಲೇ ಬೆಳೆಯಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ‘ಶಹಜಾದಾ’ ಕುದುರೆಯೇರಿದ ರಘುಬೀರ್ ಸಿಂಗ್ ಚಿನ್ನ ಗೆದ್ದರು. ತಂಡಕ್ಕೂ ಚಿನ್ನ ಬಂತು. ಪರ್ಸನ್ ಕಥೆಯ ಹಿನ್ನೆಲೆಯಲ್ಲಿ ನೋಡಿದರೆ, ಸಿಪಾಯಿಗಳ ಸಾಲಿನಿಂದ ಬಂದ ಸವಾರನೊಬ್ಬನ ಈ ಗೆಲುವಿಗೆ ಬೇರೆಯೇ ಅರ್ಥವಿದೆ.

ವೈಯಕ್ತಿಕ ಪದಕಕ್ಕೆ ಆಮೇಲೆ 36 ವರ್ಷ ಕಾಯಬೇಕಾಯಿತು. 2018ರಲ್ಲಿ ಜಕಾರ್ತದಲ್ಲಿ ಅದನ್ನು ತಂದವರು ಸೈನಿಕರಲ್ಲ. ಬೆಂಗಳೂರಿನ ಪಶುವೈದ್ಯರ ಮಗ ಫವಾದ್ ಮಿರ್ಜಾ. ‘ಸೆನ್ಯೂರ್ ಮೆಡಿಕಾಟ್’ ಕುದುರೆಯೊಡನೆ ಎರಡು ಪರೀಕ್ಷೆ ಮುಗಿದಾಗ ಅವರ ದಂಡ 22.40, ಎಲ್ಲರಿಗಿಂತ ಕಡಿಮೆ. ಕೊನೆಯ ಜಿಗಿತದಲ್ಲಿ ಒಂದು ಗಳು ಬಿತ್ತು. 26.40 ಆಯಿತು. ಜಪಾನಿನ ಯೋಶಿಯಾಕಿ ಓಯಿವಾ 22.70ಕ್ಕೆ ಚಿನ್ನ ಒಯ್ದರು. ಒಂದೇ ಒಂದು ಗಳುವಿನಿಂದ ಚಿನ್ನ ಬೆಳ್ಳಿಯಾಯಿತು. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಜೊತೆಗೂಡಿ ತಂಡದ ಬೆಳ್ಳಿಯೂ ಬಂತು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮಿರ್ಜಾ ಹೋದಾಗ ಭಾರತದ ಸವಾರನೊಬ್ಬ ಅಲ್ಲಿ ಕಾಣಿಸಿಕೊಂಡು ಎರಡು ದಶಕ ಕಳೆದಿತ್ತು; ಅವರಿಗೆ ಮೊದಲು 2000ದಲ್ಲಿ ಸಿಡ್ನಿಗೆ ಇಮ್ತಿಯಾಜ್ ಅನೀಸ್ ಹೋಗಿದ್ದರು. ಮಿರ್ಜಾ ಡ್ರೆಸಾಜ್‌ನಲ್ಲಿ ತೆತ್ತ ದಂಡ 28.00. ಕ್ರಾಸ್‌ಕಂಟ್ರಿಯಲ್ಲಿ 28 ಸೆಕೆಂಡ್ ತಡವಾಗಿ 11.20 ಸೇರಿತು. ಎರಡು ಸುತ್ತಿನ ಜಿಗಿತದ ಬಳಿಕ ಒಟ್ಟು 59.60 ಆಗಿ 23ನೇ ಸ್ಥಾನ ದೊರೆಯಿತು. ಅದೇ ಕ್ರಾಸ್‌ಕಂಟ್ರಿಯಲ್ಲಿ ಸ್ವಿಟ್ಜರ್‌ಲೆಂಡಿನ ‘ಜೆಟ್ ಸೆಟ್’ ಎಂಬ ಕುದುರೆ ಗಾಯಗೊಂಡಿತು. ಅದಕ್ಕೆ ದಯಾಮರಣ ನೀಡಬೇಕಾಯಿತು. ಪಶುವೈದ್ಯರ ತಪಾಸಣೆ, ನಿಯಮಗಳ ಬಿಗಿ ಎಷ್ಟೇ ಇದ್ದರೂ ಈ ಆಟದಲ್ಲಿ ಪಣಕ್ಕಿಟ್ಟದ್ದು ಒಂದು ಮೂಕಜೀವವೂ ಹೌದು ಎಂಬುದನ್ನು ಮರೆಯುವಂತಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಕ್ರಾಸ್‌ಕಂಟ್ರಿ ದಿನದ ದೀರ್ಘ ಓಟದ ಭಾಗಗಳನ್ನು ಕೈಬಿಟ್ಟ ಮೇಲೂ ಅಪಾಯ ಪೂರ್ತಿ ತಪ್ಪಿಲ್ಲ.

ಮಿರ್ಜಾ ತರಬೇತಿ ಪಡೆದದ್ದು ಜರ್ಮನಿಯಲ್ಲಿ. ಒಳ್ಳೆಯ ಕೂಟಗಳು ಅಲ್ಲಿವೆ ಎಂಬುದಷ್ಟೇ ಕಾರಣವಲ್ಲ. ರೋಗಮುಕ್ತ ಪ್ರದೇಶವೆಂಬ ಅಂತರರಾಷ್ಟ್ರೀಯ ಮಾನ್ಯತೆ ಇಲ್ಲದ ಕಾರಣ ಭಾರತದಲ್ಲಿ ಬೆಳೆದ ಕುದುರೆಗಳನ್ನು ಯೂರೋಪಿಗೆ ಒಯ್ಯುವುದು ಬಹಳ ಕಷ್ಟವಾಗಿತ್ತು. ವಿಜಯನಗರದ ಕಾಲದಲ್ಲಿ ಕುದುರೆ ಸಮುದ್ರ ದಾಟಿ ಸವಾರನ ಬಳಿಗೆ ಬರುತ್ತಿತ್ತು. ನಮ್ಮ ಕಾಲದಲ್ಲಿ ಸವಾರ ಸಮುದ್ರ ದಾಟಿ ಕುದುರೆಯ ಬಳಿಗೆ ಹೋಗಬೇಕಾಯಿತು. 2025ರ ಜುಲೈನಲ್ಲಿ ಮೀರತ್ ದಂಡುಪ್ರದೇಶದ ಸೇನಾ ಪಶುವೈದ್ಯ ಕೇಂದ್ರಕ್ಕೆ, ಕುದುರೆಗಳ ರೋಗಮುಕ್ತ ಆವರಣವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತಿದೆ. ಬಾಲ ತೋರಿಸಿದವನಿಗೂ ಹಣ ಎಣಿಸಿಕೊಟ್ಟು ಕುದುರೆ ತರಿಸಿಕೊಳ್ಳುತ್ತಿದ್ದ ನಾಡಿನಿಂದ, ಇಲ್ಲಿಯೇ ಹುಟ್ಟಿ ಇಲ್ಲಿಯೇ ಪಳಗಿದ ಕುದುರೆ ಹೊರದೇಶದ ಕಣಕ್ಕೆ ಇಳಿಯುವ ದಾರಿ ಈಗಷ್ಟೇ ತೆರೆಯುತ್ತಿದೆ.