ಹಳೆಯ ಆವೋ ಮೀಟರ್‌ನ ದೋಷ ಪತ್ತೆ: ಕೆ.ಆರ್.ಎಸ್. ಸೀಮೆಯಿಂದ ಒಂದು ಟಿಪ್ಪಣಿ

ಹಳೆಯ ವಾಲ್ವ್ ರೇಡಿಯೊಗಳ ಸರ್ಕ್ಯೂಟ್ ನಕ್ಷೆಯಲ್ಲಿ ಅಚ್ಚಾದ ವೋಲ್ಟೇಜ್ ಆ ಬಿಂದುವಿನ ನಿಜವಾದ ವೋಲ್ಟೇಜೇ ಆಗಿರಬೇಕೆಂದಿಲ್ಲ. ಅಂದಿನ ಮುಳ್ಳಿನ ಮೀಟರ್ ಅಲ್ಲಿ ಎಷ್ಟು ತೋರಿಸುತ್ತಿತ್ತೋ ಅದನ್ನೇ ಎಷ್ಟೋ ನಕ್ಷೆಗಳು ಕೊಡುತ್ತವೆ. ಆದ್ದರಿಂದ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಮನೆಯಲ್ಲೇ ರಿಪೇರಿ ಮಾಡುವವರು ಅಟ್ಟದ ಮೇಲಿನ ಅಂಥ ಮುಳ್ಳಿನ ಆವೋ ಮೀಟರನ್ನು ಗುಜರಿಗೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆವೋ ಮೀಟರ್ ಇಂಗ್ಲೆಂಡಿನಲ್ಲಿ 1923ರಲ್ಲಿ ಬಂತು. ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕಾಡಿ ಅದನ್ನು ರೂಪಿಸಿದವರು. ಇಲ್ಲಿ ಹೇಳುತ್ತಿರುವುದು 1951ರ ಮಾದರಿ 8ರ ವಿಷಯ. ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿದ್ದ ಮೋಟ್ವಾನೆ ಕಂಪನಿಯ 8ಎಕ್ಸ್ ಕೂಡ ಇದೇ ಬಗೆಯದು. ಡಿಸಿ ವೋಲ್ಟೇಜಿನಲ್ಲಿ ಇದರ ಸಂವೇದನೆ ವೋಲ್ಟ್‌ಗೆ 20,000 ಓಮ್. 100 ವೋಲ್ಟ್ ರೇಂಜ್‌ನಲ್ಲಿ ಮೀಟರ್‌ನ ರೋಧ 20 ಲಕ್ಷ ಓಮ್. 100 ವೋಲ್ಟ್ ಸರಬರಾಜು 10 ಲಕ್ಷ ಓಮ್ ರೆಸಿಸ್ಟರ್ ದಾಟಿ ಬರುವ ಬಿಂದುವಿನಲ್ಲಿ ಇದು ಸುಮಾರು 67 ವೋಲ್ಟ್ ತೋರಿಸಿದರೆ, 1 ಕೋಟಿ ಓಮ್ ರೋಧದ ಇಂದಿನ ಡಿಜಿಟಲ್ ಮೀಟರ್ 91 ತೋರಿಸುತ್ತದೆ. ನಕ್ಷೆಯಲ್ಲಿ 67 ಎಂದಿದ್ದು ಕೈಯಲ್ಲಿ ಡಿಜಿಟಲ್ ಮೀಟರ್ ಇದ್ದರೆ, ಸರಿಯಾಗಿರುವ ಸರ್ಕ್ಯೂಟನ್ನೇ ಕೆಟ್ಟಿದೆ ಎಂದು ಬಿಚ್ಚಿಬಿಡುವ ಅಪಾಯವಿದೆ.

ಆದರೆ ಆ ಮೀಟರೇ ಕೆಟ್ಟಿದ್ದರೆ? ಬಹುಮಟ್ಟಿಗೆ ಡಬ್ಬಿ ತೆರೆಯುವ ಮುಂಚೆಯೇ ದೋಷದ ಜಾಗ ಹೇಳಬಹುದು. ವೋಲ್ಟೇಜ್ ರೇಂಜ್‌ಗಳ ರೆಸಿಸ್ಟರ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಕೂತಿರುತ್ತವೆ. 25 ವೋಲ್ಟ್‌ವರೆಗಿನ ಸಾಲು ಒಟ್ಟು 5 ಲಕ್ಷ ಓಮ್. 100 ವೋಲ್ಟ್‌ಗೆ ಬೇಕಾದ ಉಳಿದ 15 ಲಕ್ಷ ಮುಂದಿನ ಭಾಗದಲ್ಲಿದೆ. ವಯಸ್ಸಾದ ರೆಸಿಸ್ಟರ್‌ನ ರೋಧ ಸಾಮಾನ್ಯವಾಗಿ ಏರುತ್ತದೆ. ಈ 15 ಲಕ್ಷದ ಭಾಗ ಶೇ. 10 ಏರಿದೆ ಎನ್ನಿ. 25ರ ರೇಂಜ್ ಸರಿಯಾಗೇ ಓದುತ್ತದೆ. 100 ವೋಲ್ಟ್ ಕೊಟ್ಟರೆ ಮುಳ್ಳು 93ಕ್ಕೆ ನಿಲ್ಲುತ್ತದೆ. 250 ಕೊಟ್ಟರೆ ಸುಮಾರು 243. ಅಂದರೆ ತಪ್ಪು ಒಂದು ರೇಂಜ್‌ನಲ್ಲಿ ಥಟ್ಟನೆ ಕಾಣಿಸಿಕೊಂಡು, ಮೇಲಿನ ರೇಂಜ್‌ಗಳಲ್ಲಿ ಪ್ರಮಾಣದಲ್ಲಿ ತಗ್ಗುತ್ತಾ ಹೋಗುತ್ತದೆ. ಮೊದಲು ತಪ್ಪು ಕಂಡ ರೇಂಜ್‌ಗೆ ಹೊಸದಾಗಿ ಸೇರಿದ ರೆಸಿಸ್ಟರೇ ಕೆಟ್ಟದ್ದು. ಎಲ್ಲ ರೇಂಜ್‌ಗಳಲ್ಲೂ ಒಂದೇ ಶೇಕಡಾ ಕಡಿಮೆ ಓದಿದರೆ ಅನುಮಾನ ಕಾಯಿಲ್ ಮತ್ತು ಅಯಸ್ಕಾಂತದ ಮೇಲೆ ಹೋಗಬೇಕು. ಅದಕ್ಕೆ ಮನೆಯಲ್ಲಿ ಕೈಹಾಕದಿರುವುದೇ ಕ್ಷೇಮ.

ಈ ಪರೀಕ್ಷೆಗೆ ಮನೆಯ ಕರೆಂಟು ನಂಬಬಾರದು. ಅದು ಎಸಿ ಎನ್ನುವುದು ಒಂದು ಕಾರಣ. ಇನ್ನೊಂದು, ನಾಗಮಂಗಲ, ಕೆ.ಆರ್.ಪೇಟೆಯ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ವೋಲ್ಟೇಜ್ ನಿಲ್ಲುವುದೇ ಇಲ್ಲ. 9 ವೋಲ್ಟಿನ ಬ್ಯಾಟರಿ 11 ಸಾಲು ಜೋಡಿಸಿ, ಒಳ್ಳೆಯ ಡಿಜಿಟಲ್ ಮೀಟರನ್ನೂ ಆವೋವನ್ನೂ ಒಟ್ಟಿಗೇ ಅದರ ಮೇಲಿಡಬೇಕು. ಬ್ಯಾಟರಿಯ ಒಳರೋಧ ತೀರ ಕಡಿಮೆಯಾದ್ದರಿಂದ ಎರಡೂ ಒಂದೇ ಅಂಕಿ ಹೇಳಬೇಕು. ಬ್ಯಾಟರಿಯೇ ಆದರೂ 99 ವೋಲ್ಟ್ ಡಿಸಿ ಕೈಗೆ ತಗುಲಿದರೆ ಅಪಾಯ. ಬರಿಗೈಯಲ್ಲಿ ತುದಿ ಮುಟ್ಟಬಾರದು.

ಓಮ್ ರೇಂಜ್‌ಗಳ ಕಥೆ ಬೇರೆ. ತಂತಿಗಳನ್ನು ತಾಗಿಸಿದಾಗ ಕೆಳಗಿನ ರೇಂಜ್‌ಗಳಲ್ಲಿ ಮುಳ್ಳು ಸೊನ್ನೆಗೆ ಬಂದು, ಮೇಲಿನ ರೇಂಜ್‌ನಲ್ಲಷ್ಟೇ ಬಾರದಿದ್ದರೆ ಒಳಗಿನ 15 ವೋಲ್ಟ್ ಬ್ಯಾಟರಿ ಸತ್ತಿದೆ. ಅದೀಗ ಅಂಗಡಿಯಲ್ಲಿ ಸುಲಭವಾಗಿ ಸಿಗದು. 3 ವೋಲ್ಟಿನ ನಾಣ್ಯದಂಥ ಸೆಲ್ ಐದನ್ನು ಸಾಲಾಗಿಟ್ಟರೆ ಕೆಲಸ ನಡೆಯುತ್ತದೆ. ಹಳೆಯ ಸೆಲ್ ಸೋರಿ ಹಸಿರುಗಟ್ಟಿದ ಪಟ್ಟಿಯನ್ನು ಮೊದಲು ಒರೆಸಬೇಕು. ಸೆಲೆಕ್ಟರ್ ಸ್ವಿಚ್‌ನ ಕಪ್ಪಾದ ಬೆಳ್ಳಿ ಸಂಪರ್ಕಗಳಿಗೆ ಉಪ್ಪುಕಾಗದ ಮುಟ್ಟಿಸಬೇಡಿ, ಲೇಪವೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸ್ವಿಚ್ಚನ್ನು ಹತ್ತಾರು ಸಲ ತಿರುಗಿಸಿದರೆ ಸಾಕು. ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣದಂಥ ಕಡೆ ಮಳೆಗಾಲದ ತೇವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲಕ್ಷಾಂತರ ಓಮ್‌ನ ಸಾಲಿಗೆ ಧೂಳು ಮತ್ತು ತೇವದ ತೆಳುಪೊರೆಯೇ ಅಡ್ಡದಾರಿಯಾಗಿ, ಮೀಟರ್ ಹೆಚ್ಚು ಓದುವುದುಂಟು.

ಕೆಟ್ಟ ರೆಸಿಸ್ಟರ್‌ನ ಬದಲಿಗೆ ಹಾಕಲು ಶೇ. 1 ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅದನ್ನು ಕೂರಿಸಿದ ಮೇಲೆ ಪ್ರತಿ ರೇಂಜ್‌ನಲ್ಲಿ ಉಳಿದ ತಪ್ಪೆಷ್ಟು, ಯಾವ ದಿನ ಅಳೆದದ್ದು ಎಂದು ಬರೆದ ಚೀಟಿಯನ್ನು ಡಬ್ಬಿಯ ಹಿಂಬದಿಗೆ ಅಂಟಿಸಬೇಕು.