ನೋವಿಲ್ಲದ ಗಂಟು

ಎದೆಯಲ್ಲಿ ಗಂಟು ಸಿಕ್ಕರೆ ನಮ್ಮ ತುರ್ವಿಹಾಳದ ಹೆಂಗಸರು ‘ನೋವಿಲ್ಲಲ್ಲ, ಬಿಡು’ ಅಂತಾರೆ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಆಪರೇಷನ್ನಿನ ಭಯಕ್ಕೂ ಇತಿಹಾಸವಿದೆ. 1882ರಿಂದ ಅಮೆರಿಕದ ಹಾಲ್‌ಸ್ಟೆಡ್ ಸ್ತನದ ಜೊತೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ದಶಕಗಳ ಕಾಲ ಜಗತ್ತು ಅದನ್ನೇ ಪಾಲಿಸಿತು. ನಾಲ್ಕು ಸೆಂ.ಮೀ. ಒಳಗಿನ ಗಂಟನ್ನಷ್ಟೇ ತೆಗೆದು ರೇಡಿಯೇಶನ್ ಕೊಟ್ಟರೂ ಬದುಕುಳಿಯುವ ಸಾಧ್ಯತೆ ಕಡಿಮೆಯಾಗದು ಎಂದು 1985ರಲ್ಲಿ ಬರ್ನಾರ್ಡ್ ಫಿಶರ್ ತೋರಿಸಿದರು.

ಆದರೆ ರೇಡಿಯೇಶನ್ ಅಂದ್ರೆ ವಾರಗಟ್ಟಲೆ ಓಡಾಟ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ನಮ್ಮೂರಿಗೆ ಒಂದು ರಾತ್ರಿಯ ಬಸ್ಸಿನ ದೂರ. ಕೂಲಿ ಬಿಟ್ಟು ಅಲ್ಲಿ ಯಾರು ಉಳಿದಾರು? ಸ್ತನ ಉಳಿಯೋದನ್ನ ದೂರವೂ ನಿರ್ಧರಿಸುತ್ತೆ.

ಮುಂದಿನ ಸಲ ಫೋನಿನಲ್ಲಿ ಅವ್ವನಿಗೆ ಕೇಳಿ: ಗಂಟೇನಾದ್ರೂ ಐತೇನವ್ವ?