ಮರದೊಳಗಿನ ನೀರಿನ ಹುರಿ

ಹೀರುವ ಪಂಪು ಎಷ್ಟೇ ಚೆನ್ನಾಗಿದ್ದರೂ ಬಾವಿಯ ನೀರನ್ನು ಸುಮಾರು 34 ಅಡಿಗಿಂತ ಮೇಲಕ್ಕೆ ಎಳೆಯಲಾರದು. ನೀರನ್ನು ಮೇಲೆ ನೂಕುವುದು ಹೊರಗಿನ ಗಾಳಿಯ ಒತ್ತಡ; ಅದರ ಶಕ್ತಿ ಅಷ್ಟೇ. ಆದರೆ 300 ಅಡಿ ಎತ್ತರದ ಮರದ ತುದಿಯೆಲೆಗೂ ನೀರು ಮುಟ್ಟುತ್ತದೆ. ಅದನ್ನು ಎತ್ತುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಸ್ವಾರಸ್ಯವಾದದ್ದು.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸರು ಗಿಡಗಳನ್ನು ತೂಗಿ, ಅಳೆದು, ಎಲೆಗಳಿಂದ ನೀರು ಆವಿಯಾಗುವುದಕ್ಕೂ ಬೇರು ನೀರನ್ನು ಸೆಳೆಯುವುದಕ್ಕೂ ಇರುವ ಸಂಬಂಧವನ್ನು 1727ರಲ್ಲಿ ಪ್ರಕಟಿಸಿದರು. ಆದರೂ ಕಾಂಡದ ಜೀವಕೋಶಗಳೇ ನೀರನ್ನು ಮೇಲಕ್ಕೆ ದಾಟಿಸುತ್ತವೆಂದು ಹಲವರು ನಂಬಿದ್ದರು. 1890ರ ಸುಮಾರಿಗೆ ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರರು 70 ಅಡಿಗೂ ಮೀರಿದ ಓಕ್ ಮರವೊಂದನ್ನು ಬುಡದಲ್ಲಿ ಕೊಯ್ದು ವಿಷದ ದ್ರಾವಣದಲ್ಲಿ ನಿಲ್ಲಿಸಿದರು. ದ್ರಾವಣ ತಗಲಿದ ಜೀವಕೋಶಗಳು ಸತ್ತವು. ದ್ರಾವಣವೋ ಏರುತ್ತಲೇ ಹೋಯಿತು!

1894ರಲ್ಲಿ ಡಬ್ಲಿನ್ನಿನ ಸಸ್ಯಶಾಸ್ತ್ರಜ್ಞ ಹೆನ್ರಿ ಡಿಕ್ಸನ್ ಮತ್ತು ಭೌತಶಾಸ್ತ್ರಜ್ಞ ಜಾನ್ ಜೋಲಿ ಹೊಸ ವಾದ ಹೂಡಿದರು. ಮರದ ನವುರಾದ ಕೊಳವೆಗಳಲ್ಲಿ ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಹುರಿಯಂತೆ ನಿಂತಿವೆ. ಎಲೆಯಲ್ಲಿ ನೀರು ಆವಿಯಾದಂತೆಲ್ಲ ಆ ಹುರಿಯನ್ನು ಬೇರಿನ ತನಕ ಜಗ್ಗಿದಂತಾಗುತ್ತದೆ, ಎಂದರು. ನೀರಿನ ಹುರಿಯೆ! ಜಗ್ಗಿದರೆ ಕಡಿಯದೆ? ಎಂದು ಅನೇಕರು ಕೇಳಿದರು. ನಮ್ಮ ಜಗದೀಶಚಂದ್ರ ಬೋಸರೂ ಇದನ್ನು ಒಪ್ಪಲಿಲ್ಲ. ಕಾಂಡದ ಜೀವಕೋಶಗಳು ಮಿಡಿದು ರಸವನ್ನು ಏರಿಸುತ್ತವೆಂದು 1923ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಬೋಸರ ಮೇಲೆ ನಮಗೆ ಅಭಿಮಾನವೇನೋ ದೊಡ್ಡದು. ಆದರೆ ಮುಂದಿನ ಪ್ರಯೋಗಗಳು ಅವರ ಪಕ್ಷಕ್ಕೆ ಸಾಕ್ಷಿ ನುಡಿಯಲಿಲ್ಲ. 1965ರಲ್ಲಿ ಶೋಲಾಂಡರ್ ಮತ್ತು ಸಂಗಡಿಗರು ಕೊಯ್ದ ರೆಂಬೆಯನ್ನು ಒತ್ತಡದ ಪಾತ್ರೆಯಲ್ಲಿಟ್ಟು ಹುರಿಯ ಬಿಗಿಯನ್ನೇ ಅಳೆದರು.

ಹುರಿ ಕಡಿಯದೆ? ಎಂಬ ಪ್ರಶ್ನೆಗೆ ಮರುವರ್ಷ ಕಿವಿಯಿಂದಲೇ ಉತ್ತರ ದೊರೆಯಿತು. ಮಿಲ್ಬರ್ನ್ ಮತ್ತು ಜಾನ್ಸನ್ ಎಂಬವರು ಬಾಡುತ್ತಿದ್ದ ಹರಳೆಲೆಯ ಕಂಪನಗಳನ್ನು ಯಂತ್ರದಿಂದ ಹಿಗ್ಗಿಸಿ ಆಲಿಸಿದರು. ಟಿಕ್, ಟಿಕ್ ಎಂಬ ಸದ್ದು! ಬಿಗಿ ಮಿತಿಮೀರಿದಾಗ ಹುರಿ ಕಡಿದು, ಆ ಕೊಳವೆಯಲ್ಲಿ ಗುಳ್ಳೆ ತುಂಬುವ ಸದ್ದು ಅದು. ಹೌದು, ಹುರಿ ಕಡಿಯುತ್ತದೆ. ಆದರೆ ಕೊಳವೆಗಳ ನಡುವಣ ಸೂಕ್ಷ್ಮ ಪೊರೆಗಳು ಸಾಮಾನ್ಯವಾಗಿ ಗುಳ್ಳೆಯನ್ನು ಅಲ್ಲಿಯೇ ತಡೆಯುತ್ತವೆ. ನೀರು ಪಕ್ಕದ ಕೊಳವೆಗಳಲ್ಲಿ ಏರುತ್ತದೆ. ದೀರ್ಘ ಬರದಲ್ಲಿ ಕಡಿದವು ಹೆಚ್ಚಿ, ಉಳಿದವು ಸಾಲದಾದಾಗ ಮರ ಒಣಗುತ್ತದೆ.

ಬೇಸಗೆಯಲ್ಲಿ ಹಿತ್ತಲ ಗಿಡ ಬಾಡಿದ್ದನ್ನು ಕಂಡರೆ, ಬುಡಕ್ಕೆ ಒಂದು ಕೊಡ ನೀರು ಹೊಯ್ಯಿರಿ. ಕಡಿಯದೆ ಉಳಿದ ಹುರಿಗಳ ಬಿಗಿ ಅಷ್ಟರಮಟ್ಟಿಗೆ ಸಡಿಲವಾದೀತು.